ಏಕಾದಶಿಯ ಹೊಟ್ಟೆನೋವು

ಅಥವಾ ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ಮಧ್ಯಾಹ್ನವಲ್ಲ, ದೀಪ ಹಚ್ಚಿದ ಮೇಲೇ ಇರಬೇಕು. ನನಗೆ ಎರಡೂ ಕಾಣುತ್ತವೆ. ಒಂದರಲ್ಲಿ ಕಿಟಕಿಯ ಬಿಸಿಲು ಅವನ ಬೆನ್ನ ಮೇಲೆ ಬಿದ್ದಿದೆ. ಇನ್ನೊಂದರಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದೆ. ಒಂದು ಕಂಡದ್ದು, ಇನ್ನೊಂದು ಆಮೇಲೆ ನಾನೇ ಕಟ್ಟಿಕೊಂಡದ್ದು. ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಿಲ್ಲ. ಡಾಕ್ಟರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆಯೇ ಅದು: ನೋವು ಶುರುವಾದದ್ದು ಯಾವಾಗ?

ಅಂದು ಏಕಾದಶಿ. ಅಣ್ಣನ ಮನೆ ಮುಂಬೈ ಬದಿಯ ಡೊಂಬಿವಲಿಯಲ್ಲಿ. ನಾನು ಕೋಪರಿಯಿಂದ ಹೋಗಿ, ಅಲ್ಲೇ ಉಳಿದು, ಮರುದಿನ ದ್ವಾದಶಿಯ ಪಾರಣೆ ಉಂಡು ಬರುವುದು ರೂಢಿ. ಧಾರವಾಡ ಬಿಟ್ಟು ಎಷ್ಟೋ ವರ್ಷವಾದರೂ ಅಣ್ಣನದು ನಿರ್ಜಲ ಉಪವಾಸ. ನೀರಿಲ್ಲವೆಂದ ಮೇಲೆ ಗುಳಿಗೆಯೂ ಇಲ್ಲ. ಎದೆಬಡಿತ ತಾಳ ತಪ್ಪುತ್ತದೆಂದು, ರಕ್ತ ಹೆಪ್ಪುಗಟ್ಟದಿರಲು ಅವನಿಗೆ ದಿನವೂ ಗುಳಿಗೆ ಬರೆದುಕೊಟ್ಟಿದ್ದರು.

“ಗುಳಿಗಿ ನಾಳೆ ತೊಗೊಂಡ್ರಾತು. ಅದೇನು ಲೋಕಲ್ ಟ್ರೇನಾ, ತಪ್ಪಿ ಹೋಗ್ಲಿಕ್ಕೆ?” ಎಂದಿದ್ದ. ನಾವೆಲ್ಲ ನಕ್ಕಿದ್ದೆವು. ನಕ್ಕದ್ದು ಮಾತ್ರ ಖಚಿತ.

ಉಪವಾಸದ ದಿನ ಹೊಟ್ಟೆ ನೋಯುವುದನ್ನು ನಮ್ಮ ಮನೆಯಲ್ಲಿ ಯಾರೂ ಕಾಯಿಲೆ ಎನ್ನುವುದಿಲ್ಲ. ಅಣ್ಣನ ಹೆಂಡತಿ, ನನ್ನ ವೈನಿ, ಅವನ ಹೊಟ್ಟೆ ಒತ್ತಿ ನೋಡಿದರು. ಮೆತ್ತಗಿತ್ತು. “ಪಿತ್ತ ಆಗ್ಯದ. ನಾಳೆ ಪಾರಣಿ ಆದ್ರ ಎಲ್ಲಾ ತಣ್ಣಗಾಗ್ತದ” ಎಂದರು. ಹೊಟ್ಟೆ ಮೆತ್ತಗಿದ್ದೂ ನೋವು ಅಷ್ಟಿರುವುದೇ ಅಪಾಯದ ಗುರುತಂತೆ; ಅದು ತಿಳಿದದ್ದು ಆಸ್ಪತ್ರೆಯಲ್ಲಿ. ಆ ರಾತ್ರಿ ಅವನು ನಿದ್ದೆ ಮಾಡಿದನೋ ಇಲ್ಲವೋ, ನಾನಂತೂ ಮಾಡಿದೆ.

ಬೆಳಿಗ್ಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಪಾಯಸ. ಅಣ್ಣ ಒಂದೆರಡು ತುತ್ತು ತಿಂದವನೇ ತಾಟಿನ ಮೇಲೆ ಬಾಗಿದ. ಅವನ ಮಗಳು ಇಲ್ಲೇ ಹುಟ್ಟಿದವಳು, ಮಹಾಪೆಯಲ್ಲಿ ಕೆಲಸ. ಕನ್ನಡ ತಿಳಿಯುತ್ತದೆ, ನಾಲಗೆಗೆ ಬರುವುದಿಲ್ಲ. “ಆಯಿ, ಹೇ ಪಿತ್ತ ನಾಹೀಯೇ!” ಇದು ಪಿತ್ತವಲ್ಲವೆಂದು ಮರಾಠಿಯಲ್ಲಿ ಕೂಗುತ್ತ ರಿಕ್ಷಾ ತರಲು ಓಡಿದಳು.

ಹತ್ತಿರದ ಆಸ್ಪತ್ರೆಯವರು ಸ್ಕ್ಯಾನ್ ಮಾಡಿ ನವಿ ಮುಂಬೈಗೆ ಕಳಿಸಿದರು. ದಾರಿಯಲ್ಲಿ, ಶಿಳ್‌ಫಾಟಾದಲ್ಲಿ, ಆಂಬುಲೆನ್ಸ್ ಲಾರಿಗಳ ನಡುವೆ ನಿಂತುಬಿಟ್ಟಿತು. ಎಷ್ಟು ಹೊತ್ತು? ಕೇಳಬೇಡಿ.

ಅಲ್ಲಿ ಸಿಕ್ಕ ಸರ್ಜನ್ ಮೊದಲು ಹಿಂದಿಯಲ್ಲಿ ಮಾತಾಡಿದರು. ನಾನೂ ವೈನಿಯೂ ಕನ್ನಡದಲ್ಲಿ ವಾದಿಸುವುದು ಕೇಳಿ ಉಡುಪಿ ಕನ್ನಡಕ್ಕೆ ಹೊರಳಿದರು. “ಕರುಳಿಗೆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ. ಈಗಲೇ ಹೊಟ್ಟೆ ತೆರೀಬೇಕು. ನೋವು ಯಾವಾಗ ಶುರುವಾದದ್ದು?”

“ಇವತ್ತ ಮುಂಜಾನೆ” ಎಂದರು ವೈನಿ.

“ನಹೀ ಡಾಕ್ಟರ್, ಕಲ್ ಶಾಮ್ ಸೇ” ಎಂದಳು ಮಗಳು. ಅವಳ ಲೆಕ್ಕ ನಿನ್ನೆ ಸಂಜೆಯಿಂದ.

“ನಿನ್ನೆ ಮಧ್ಯಾಹ್ನ ಅನ್ನಸ್ತದರೀ” ಎಂದೆ ನಾನು.

“ಒಬ್ಬರೇ ಮನುಷ್ಯ, ಒಂದೇ ಹೊಟ್ಟೆ, ಮೂರು ಟೈಮಾ ಮಾರಾಯ್ರೆ?” ಎಂದು ಅವರು ಒಳಗೆ ಹೋದರು.

ಹೊರಬಂದಾಗ ಮುಖದಲ್ಲಿ ಏನೂ ಓದಲಾಗಲಿಲ್ಲ. ಹೆಪ್ಪು ತೆಗೆದಿದ್ದರು. ಸತ್ತ ಕರುಳನ್ನು ಕತ್ತರಿಸಿದ್ದರು. ಇನ್ನೊಂದಷ್ಟು ಅನುಮಾನದ್ದಿತ್ತು, ಅದು ಬದುಕುತ್ತದೋ ಎಂದು ನೋಡಲು ನಾಡಿದ್ದು ಮತ್ತೆ ತೆರೆಯಬೇಕು.

“ಉಳೀತಾರೇನ್ರೀ?” ವೈನಿ ಕೇಳಿದರು.

ಅವರು ಫೋನು ತೆಗೆದು ಏನೇನೋ ಒತ್ತತೊಡಗಿದರು: ವಯಸ್ಸು, ಕಿಡ್ನಿ, ರಕ್ತದಲ್ಲಿ ಏರಿದ ಆಮ್ಲ, ಎಷ್ಟು ಕರುಳು ಹೋಯಿತು. “ಇದೊಂದು ಅಂಕಿ ಕೊಡ್ತದೆ. ಇಂಥ ನೂರು ಜನರಲ್ಲಿ ಎಷ್ಟು ಮಂದಿ ಉಳಿಯಬಹುದು ಅಂತ. ಆ ನೂರರಲ್ಲಿ ನಿಮ್ಮವರು ಯಾರು ಅಂತ ಇದಕ್ಕೆ ಗೊತ್ತಿಲ್ಲ.” ಬೆರಳು ನಿಂತಿತು. “ತಡ ಎಷ್ಟಾಯ್ತು ಅಂತ ಕೇಳ್ತಾ ಉಂಟು. ಯಾರದ್ದು ಹಾಕ್ಲಿ?”

“ನಾ ಹೇಳಿದ್ದ ಹಾಕ್ರಿ” ಎಂದರು ವೈನಿ, ಹಾಕಿದ್ದೇ ಆಗುತ್ತದೆ ಎಂಬಂತೆ. ಮಗಳು ತಾಯಿಯ ಕೈ ಹಿಡಿದು ತಲೆಯಾಡಿಸಿದಳು: “ಆಯಿ, ಖರಂ ಸಾಂಗ್.” ನಿಜ ಹೇಳು.

ಟ್ಯೂಬ್‌ಲೈಟಿನ ಚಿತ್ರ ನನಗೆ ಮೊದಲು ಕಂಡದ್ದು ಆ ಕ್ಷಣದಲ್ಲಿ ಎಂದು ನನ್ನ ಗುಮಾನಿ. ಮಧ್ಯಾಹ್ನಕ್ಕಿಂತ ಸಂಜೆ ಒಳ್ಳೆಯದಿತ್ತು, ತಡ ಕಡಿಮೆ. ನೆನಪು ತಾನಾಗಿ ಅಣ್ಣನ ಪಕ್ಷಕ್ಕೆ ಸರಿಯಿತೇ? “ಸಂಜೀಕ ಇರಬೇಕು” ಎಂದೆ. ಸುಳ್ಳೆಂದು ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ, ತೊಂದರೆಯೇ ಅದು.

ಡಾಕ್ಟರು ಒತ್ತಿದರು, ನೋಡಿದರು, ಫೋನು ಜೇಬಿಗೆ ಹಾಕಿದರು. “ಕಿತ್ನಾ ಆಯಾ?” ಎಷ್ಟು ಬಂತೆಂದು ಕೇಳಿದಳು ಮಗಳು. “ನಾಡಿದ್ದು ನೋಡಿ ಮಾತಾಡುವ” ಎಂದು ಹೊರಟೇಹೋದರು.

ಆ ಅಂಕಿಗಾಗಿ ನಾನು ಕಾರಿಡಾರಿನಲ್ಲಿ ಚಡಪಡಿಸಿದಷ್ಟು ಅಣ್ಣನಿಗಾಗಿ ಚಡಪಡಿಸಿದೆನೇ? ಕುಳಿತರೆ ಏಳಬೇಕು, ಎದ್ದರೆ ಲಿಫ್ಟಿನ ತನಕ ಹೋಗಬೇಕು. ವೈನಿ ಗದರಿದರು: “ಒಂದ ಕಡೆ ಕೂಡಪಾ, ತಲಿ ತಿರಗ್ತದ ನಿನ್ನ ನೋಡಿ.”

ಎರಡನೆಯ ಸಲ ತೆರೆದಾಗ ಅನುಮಾನದ ಕರುಳು ಗುಲಾಬಿ ಬಣ್ಣಕ್ಕೆ ತಿರುಗಿತ್ತಂತೆ. ಹೊಟ್ಟೆ ಮುಚ್ಚಿದರು. ಅಣ್ಣ ವಾರಗಟ್ಟಲೆ ಅಲ್ಲಿದ್ದು ಮನೆಗೆ ಬಂದ. ಈಗ ಗಳಿಗೆಗೊಮ್ಮೆ ಇಷ್ಟಿಷ್ಟೇ ಉಣ್ಣುತ್ತಾನೆ, ಅಂಗಿಗಳು ಮೈಮೇಲೆ ಜೋಲುತ್ತವೆ.

ಒಂದು ದಿನ ಅವನನ್ನೇ ಕೇಳಿದೆ, ಖರೆ ಯಾವಾಗ ಶುರುವಾಯಿತೆಂದು.

“ಉಪಾಸಂದ್ರ ನೋವು ಇದ್ದದ್ದೇ ಅಲ್ಲೋ. ಅದರಾಗ ಇದು ಯಾವದು ಅಂತ ಹ್ಯಾಂಗ ಗುರ್ತು ಹಿಡೀಲಿ?”

ಗುಳಿಗೆ ಬಿಟ್ಟದ್ದರಿಂದಲೇ ಆಯಿತೇ ಎಂದು ಡಾಕ್ಟರನ್ನೂ ಕೇಳಿದೆ. “ಇರಬಹುದು” ಎಂದರು. ಅಂಕಿ ಎಷ್ಟು ಬಂದಿತ್ತೆಂದು ಕೇಳಿದ್ದಕ್ಕೆ, ನೆನಪಿಲ್ಲ ಎಂದರು. ಅವರಿಗೆ ನಿಜವಾಗಿ ನೆನಪಿಲ್ಲವೋ ಏನೋ. ಅಣ್ಣ ಬದುಕುಳಿದವರ ಕಡೆಗೆ ಬಂದ. ಆ ಕಡೆ ನೂರರಲ್ಲಿ ಎಷ್ಟು ಜನರಿದ್ದರೋ ನನಗೆ ಗೊತ್ತಿಲ್ಲ. ಹೆಪ್ಪು ಮತ್ತೆ ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.