ಉಡಿಯ ಅಕ್ಕಿ

ನನ್ನ ನೆಗೆಣ್ಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮೈದುನನ ಕೈ ಹಿಡಿದು ಅವಳು ಕಮರಿಪೇಟೆಯ ನಮ್ಮ ಮನೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ, ಆಗಲೇ ಅತ್ತೆಯ ಬಾಯಲ್ಲಿ ಅವಳ ತವರಿನದೇ ಜಪ. ನನಗೆ ತವರೇ ಇರಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಸೋದರಮಾವ ಧಾರೆ ಎರೆದು ಕೈತೊಳೆದುಕೊಂಡಿದ್ದ.

ಇಸವಿ ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಒಂದು ಭಾನುವಾರ ಮಾವನವರು ಮನೆಮಂದಿಯನ್ನೆಲ್ಲ ಬಸ್ಸು ಹತ್ತಿಸಿ ಧಾರವಾಡಕ್ಕೆ ಕರೆದೊಯ್ದರು. ಮಾಸ್ತರಿಕೆ ಬಿಟ್ಟ ಮೇಲೆ ಅವರಿಗೆ ಹಳೇ ಮನೆಗಳ ಹುಚ್ಚು ಹತ್ತಿತ್ತು. ಕಾಡು ಕಡಿದು ಅಲ್ಲಿಯ ಒಂದು ಓಣಿಯಲ್ಲಿ ಮೊದಲು ನೆಲೆನಿಂತವರ ಮೂರು ಮನೆ ಇನ್ನೂ ಉಳಿದಿದ್ದವು. ಉಣಕಲ್ ದಾಟುವಾಗಲೇ ಅತ್ತೆ, "ಮೂರನೇದು ನಮ್ಮ ಸಣ್ಣ ಸೊಸಿ ತವರಮನಿ" ಎಂದು ಪಕ್ಕದ ಸೀಟಿನವರಿಗೂ ಕೇಳುವಂತೆ ಹೇಳಿದರು.

ಮೊದಲೆರಡು ಮನೆಗಳ ದಪ್ಪ ಕದಗಳನ್ನು, ಅಂಗಳದಲ್ಲಿ ಕಾಳು ತುಂಬುವ ಹಗೇವನ್ನು ನಾನು ಖುಷಿಯಿಂದಲೇ ನೋಡಿದೆ. ಮೂರನೆಯದರಲ್ಲಿ ಮಾವನವರು ಪಡಸಾಲೆಯ ಕಂಬ ತಡವಿ, "ನೋಡ್ರಿ, ಇಡೀದ ಒಂದ ಮರದ್ದು" ಎಂದರು. ನೆಗೆಣ್ಣಿಯ ಮುತ್ತಜ್ಜ ಕಡಿದ ಮರವಂತೆ. ಅದಕ್ಕೆ ಗೆದ್ದಲು ಹತ್ತಬಾರದೇ ಅನ್ನಿಸಿತು ನನಗೆ.

ಎಲ್ಲರೂ ಬಾವಿ ನೋಡಲು ಹಿತ್ತಲಿಗೆ ಹೋದರು. ಕಾಲು ನೋವೆಂದು ನಾನು ಅಲ್ಲೇ ಕೂತೆ. ಆಗ ನೆಗೆಣ್ಣಿಯ ಅಜ್ಜಿ ಒಂದು ಕೈಯಲ್ಲಿ ಗೋಡೆ ತಡವುತ್ತ, ಇನ್ನೊಂದರಲ್ಲಿ ಮೊರ ಹಿಡಿದು ಬಂದಳು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ.

"ಇಲ್ಲೇ ಕುಂತೀಯೇನ ನನ ಕೂಸ? ಸೆರಗ ಒಡ್ಡು."

ಜಗಳ ಬೇಡವೆಂದು ಅತ್ತೆ ನಮಗಿಬ್ಬರಿಗೂ ಒಂದೇ ಬಣ್ಣದ ಇಳಕಲ್ ಸೀರೆ ತಂದಿದ್ದರು. ಅಜ್ಜಿಯ ಪೊರೆ ಬಂದ ಕಣ್ಣಿಗೆ ಅಷ್ಟೇ ಸಾಕಾಯಿತು. ನಾನಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಸೆರಗು ಒಡ್ಡಿದೆ. ಅಜ್ಜಿ ಮೊರ ಕೆಳಗಿಟ್ಟು ಐದು ಸಲ ಬೊಗಸೆ ತುಂಬಿ ಹಾಕಿ, "ತವರ ಮರೀಬ್ಯಾಡವ್ವಾ" ಎಂದು ಕೆನ್ನೆ ಸವರಿದಳು. ಕದ್ದ ಸುಖವೆಂದು ಗೊತ್ತಿದ್ದೂ ನನ್ನ ಕಣ್ಣು ತುಂಬಿದವು.

ಆದರೆ ಅಜ್ಜಿ ಮೊರ ಎತ್ತಿ ಚಾಚಿಕೊಂಡು ನಿಂತೇ ಇದ್ದಳು. ಯಾಕೆಂದು ನನಗೆ ತಿಳಿಯಲಿಲ್ಲ.

"ಯಾಕವ್ವಾ, ಎಲ್ಲಾ ನೀನ ಒಯ್ಯಾಕೀಯೇನ?"

ತವರಲ್ಲಿ ಉಡಿ ತುಂಬಿಸಿಕೊಂಡ ಮಗಳು ನಾಲ್ಕು ಕಾಳು ತಿರುಗಿ ಮೊರಕ್ಕೆ ಹಾಕಬೇಕು, ತವರಿನ ಸಮೃದ್ಧಿ ತವರಲ್ಲೇ ಉಳಿಯಲೆಂದು. ಇದನ್ನು ನನಗೆ ಯಾರು ಹೇಳಿಕೊಟ್ಟಿದ್ದರು? ಅಷ್ಟರಲ್ಲಿ ಹಿಂದಿನಿಂದ ಬಳೆ ತೊಟ್ಟ ಕೈಯೊಂದು ನನ್ನ ಉಡಿಗೆ ಬಂತು. ನೆಗೆಣ್ಣಿ. ಒಂದು ಹಿಡಿ ಅಕ್ಕಿ ತೆಗೆದು ಸದ್ದಿಲ್ಲದೆ ಮೊರಕ್ಕೆ ಸುರಿದಳು. ದನಿ ತೆಗೆದಿದ್ದರೆ ಅಜ್ಜಿಗೆ ಗೊತ್ತಾಗುತ್ತಿತ್ತು. ಅಜ್ಜಿ ಸಮಾಧಾನದಿಂದ ಒಳಗೆ ಹೋದಳು.

"ತಗೋ, ಇದು ನಿಂದು" ಎಂದು ನಾನು ಸೆರಗು ಚಾಚಿದೆ.

"ಇರ್ಲಿ ಬಿಡ್ರಿ ಅಕ್ಕಾ. ನನಗ ಮತ್ತ ತುಂಬ್ತಾರ."

ಅವಳು ಜಗಳಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಮತ್ತ' ಎಂಬ ಮಾತಿಗೆ ನನ್ನ ಹೊಟ್ಟೆ ಉರಿದಷ್ಟು ಆ ಕಂಬ ನೋಡಿದಾಗಲೂ ಉರಿದಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಉಡಿಯ ಗಂಟು ನೋಡಿದರು.

"ನಿನಗ ಯಾರವ್ವಾ ಉಡಿ ತುಂಬಿದವರು?"

ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು.

"ನಮ್ಮಜ್ಜಿ ರೀ" ಎಂದಳು ನೆಗೆಣ್ಣಿ, ಅದೇ ಮಾತನ್ನು ನನಗಿಂತ ಮೊದಲು.