ಕೌದಿಯ ಹೊಟ್ಟೆ

ಮೊದಲ ದಿನ ತರಗತಿಗೆ ಹತ್ತು ನಿಮಿಷ ಮುಂಚೆಯೇ ಹೋದೆ. ಮೇಜು, ಕುರ್ಚಿ ಒಂದೂ ಇರಲಿಲ್ಲ. ಗುರುಗಳು ನೆಲದ ಮೇಲೆ ಕಾಲು ಚಾಚಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದರು. ಸವಣೂರಿನ ಹುಸೇನಬಿ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಂಡ್ಯದಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಗಂಟೆಯ ಲೆಕ್ಕದಲ್ಲೇ ಬದುಕಿ ನಿವೃತ್ತಳಾದ ನಾನು ಅವರ ವಿದ್ಯಾರ್ಥಿನಿ.

ಶಿಗ್ಗಾವಿಯಾಚೆಯ ಗುಡ್ಡದ ಮೇಲಿನ ಈ ಜಾನಪದ ವಿಶ್ವವಿದ್ಯಾಲಯಕ್ಕೆ ನಾನು ಬಂದದ್ದು ಕೌದಿಯ ಸಂಶೋಧನೆಗೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಹೊದಿಕೆಯೇ ಕೌದಿ. ನಮ್ಮಲ್ಲಿ ಕಾಲೇಜೆಂದರೆ ಗೋಡೆಗಳ ನಡುವಿನ ಮೌನ. ಇಲ್ಲಿ ಗೋಡೆಗಳು ಇದ್ದೂ ಇಲ್ಲದಂತೆ. ಪಕ್ಕದ ಕೋಣೆಯಲ್ಲಿ ಅಬಲೂರಿನ ಶಾಸನದ ಪಡಿಯಚ್ಚಿನ ಮೇಲೆ ನಾಲ್ವರು ಬಗ್ಗಿ ಒಂದೇ ಅಕ್ಷರಕ್ಕೆ ಜಗಳವಾಡುತ್ತಿರುತ್ತಾರೆ. ಅದರಾಚೆ ಡೊಳ್ಳು, ಅದರಾಚೆ ಹಾನಗಲ್ಲಿನ ಭತ್ತದ ತಳಿಗಳ ಡಬ್ಬಿಗಳು. ಮಧ್ಯಾಹ್ನದ ಗಾಳಿಯಲ್ಲಿ ಎಲ್ಲ ಕಲೆತು, ನಾನು ಯಾವ ತರಗತಿಯಲ್ಲಿದ್ದೇನೆ ಎಂಬುದೇ ಮರೆಯುತ್ತಿತ್ತು. ಊಟಕ್ಕೆ ಪ್ರಾಧ್ಯಾಪಕರು, ಡೊಳ್ಳಿನವರು, ಕಸ ಗುಡಿಸುವವರು ಒಂದೇ ಸಾಲು. ನಮ್ಮ ಮುದ್ದೆ ಸದ್ದಿಲ್ಲದ ಊಟ. ಇಲ್ಲಿಯ ಒಣಗಿಸಿದ ಗರಿಗರಿ ಕಟಕ ರೊಟ್ಟಿ ಮುರಿದರೆ ಸಾಲಿಡೀ ಕೇಳುತ್ತದೆ.

ಐದಕ್ಕೆ ಏಳುವುದು, ಒಂಬತ್ತಕ್ಕೆ ಮಲಗುವುದನ್ನು ನಾನು ತಪ್ಪಿಸಲಿಲ್ಲ. ನಡುವಿನ ಹೊತ್ತು ಮಾತ್ರ ಕೈಗೆ ಸಿಗದೆ ಮಂಜಿನಂತೆ ಗುಡ್ಡ ಇಳಿದುಹೋಗುತ್ತಿತ್ತು.

ಆರು ತಿಂಗಳಲ್ಲಿ ಒಂದು ಕೌದಿ ಹೊಲಿಯಬೇಕು. ಹುಸೇನಬಿ ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಸಂಶೋಧನೆ ಮುಂದುವರಿಯುತ್ತದೆ, ಇಲ್ಲವಾದರೆ ಮಂಡ್ಯದ ಬಸ್ಸು. ದಿನಕ್ಕೆ ನಾಲ್ಕು ಸಾಲೆಂದು ಪಟ್ಟಿ ಹಾಕಿ, ಸ್ಕೇಲಿಟ್ಟು ಗೆರೆ ಎಳೆದು ಹೊಲಿದೆ. ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವರ ಮುಂದೆ ಹರಡಿದೆ.

ಅವರ ಅಂಗೈ ಕೌದಿಯನ್ನು ಸವರುತ್ತ ನಟ್ಟನಡುವೆ ನಿಂತಿತು.

"ಅಕ್ಕಾರ, ಇದರ ಹೊಟ್ಟಿ ಎಲ್ಲೈತ್ರಿ?"

ನನಗೆ ತಿಳಿಯಲಿಲ್ಲ. ಕೌದಿ ಮುಗಿಸುವ ಮುನ್ನ ನಡುವೆ ಅಂಗೈಯಗಲ ಬಿಟ್ಟು, ತಿನ್ನುವುದೇನಾದರೂ ಇಟ್ಟು ಮುಚ್ಚುವುದು ಅವರ ಮನೆಯ ವಾಡಿಕೆ. ಇದು ಯಾರಿಗೆ ತಾನೇ ಗೊತ್ತಿಲ್ಲ ಎಂದುಕೊಂಡು ಅವರು ಹೇಳಿರಲಿಲ್ಲ. ಪುಸ್ತಕದಲ್ಲಿಲ್ಲವೆಂದು ನಾನು ಕೇಳಿರಲಿಲ್ಲ.

"ಸಾಲು ಭಾಳ ಚಂದ ಅದಾವ. ಆದ್ರ ಪಾಪ, ಉಪಾಸ ಕೆಡವೀರಲ್ರಿ ಇದನ್ನ. ಹೊತ್ಕೊಂಡವರಿಗೆ ನಿದ್ದಿ ಹತ್ತತೈತೇನು?"

ಹೆಬ್ಬೆಟ್ಟು ಒತ್ತಲಿಲ್ಲ. ಕಚೇರಿ ಮುಚ್ಚುವುದು ಐದಕ್ಕೆ. ಬದುಕಿನಲ್ಲಿ ಒಂದು ಗಡುವನ್ನೂ ಮೀರದ ನಾನು ನಡುವಿನ ಹೊಲಿಗೆ ಬಿಚ್ಚಲು ಕತ್ತರಿ ಹಿಡಿದೆ. ಶಾಸನದ ಕೋಣೆಯವರು ಜಗಳ ಬಿಟ್ಟು ಬಂದು ಸುತ್ತ ಕುಳಿತು ದಾರ ಹಿರಿದರು. ಹುಸೇನಬಿ ತಮ್ಮ ಬುತ್ತಿಯಿಂದ ರೊಟ್ಟಿಯ ಚೂರೊಂದನ್ನು ಒಳಗಿಟ್ಟು, ನಿಮ್ಮೂರಿಂದು ಏನರ ಐತೇನ್ರಿ ಎಂದರು. ನನ್ನ ಪೆಟ್ಟಿಗೆಯಲ್ಲಿ ಮಂಡ್ಯದ ಅಚ್ಚುಬೆಲ್ಲವಿತ್ತು. ಒಂದು ತುಣುಕು ತಂದು ರೊಟ್ಟಿಯ ಪಕ್ಕ ಇಟ್ಟೆ. ಆಮೇಲೆ ಆರು ಸೂಜಿಗಳು ದೂರದ ಡೊಳ್ಳಿಗೆ ಏಳುತ್ತ ಇಳಿಯುತ್ತ ಇದ್ದವು. ಗಡಿಯಾರ ನೋಡಿದ ನೆನಪೇ ಇಲ್ಲ. ನಡುವಿನ ಸಾಲುಗಳು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ದಾರಿ ಹಿಡಿದವು. ಅವುಗಳ ಮೇಲೇ ಹುಸೇನಬಿ ಹೆಚ್ಚು ಹೊತ್ತು ಕೈಯಾಡಿಸಿ, ಐದಕ್ಕೆ ಸ್ವಲ್ಪ ಮುಂಚೆ ಹೆಬ್ಬೆಟ್ಟು ಒತ್ತಿದರು.

ಕಳೆದ ರಜೆಯಲ್ಲಿ ಕೌದಿಯನ್ನು ಮಂಡ್ಯಕ್ಕೆ ಒಯ್ದಿದ್ದೆ. ತಂಗಿ ನೋಡುವಷ್ಟರಲ್ಲಿ ಇರುವೆಗಳ ಸಾಲು ಅದರ ಹೊಟ್ಟೆಗೆ ಹೊರಟಿತ್ತು.

"ಬಿಚ್ಚಿ ಒಗೆದುಬಿಡಕ್ಕ, ಒಳಗೇನೋ ಗಂಟದೆ."

"ಬ್ಯಾಡ. ಉಪಾಸ ಬೀಳತೈತಿ."

ತಂಗಿ ನನ್ನ ಮುಖವನ್ನೇ ನೋಡಿದಳು. "ಯಾವೂರ ಮಾತಕ್ಕ ಇದು?"

ಇರುವೆ ಕೊಡವಿ, ಕೌದಿ ಮಡಿಚತೊಡಗಿದೆ. ಮೂಲೆಗೆ ಮೂಲೆ ಸರಿಯಾಗಿ ಕೂಡಿತು. ನಡುವಿನ ಗಂಟಿನಿಂದಾಗಿ ಮಡಿಕೆ ಮಾತ್ರ ಸಮ ಬೀಳಲಿಲ್ಲ. ಹಾಗೆಯೇ ಬಿಟ್ಟೆ.