ಇನ್ನಾಸಪ್ಪನಿಗೆ ನೂರಕ್ಕೆ ನೂರು

ಪಾಲಹಳ್ಳಿಯ ಇನ್ನಾಸಪ್ಪನಿಗೆ ದೇವರ ವಿಷಯದಲ್ಲಿ ತಿಳಿಯದ್ದು ಅಂತ ಒಂದೂ ಇರಲಿಲ್ಲ. ಅವನ ಹೆಂಡತಿ ಲೂರ್ದಮ್ಮನಿಗೆ ಅದೇ ಸಾಕುಸಾಕಾಗಿತ್ತು. ಬೆಂಗಳೂರಿನಿಂದ ಅಂಚೆಯಲ್ಲಿ ಬರುವ ಬೈಬಲ್ ಪಾಠ ಓದುವುದು, ಕೊನೆಯ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸುವುದು, ಸರ್ಟಿಫಿಕೇಟು ಬಂದರೆ ಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆಯುವುದು. ಹದಿನಾಲ್ಕು ಆಗಿದ್ದವು. ಜಾಗ ಸಾಲದೆ ದೇವಮಾತೆಯ ಪಟ ಅಡುಗೆಮನೆಗೆ ಹೋಗಿ ಹೊಗೆ ಕುಡಿಯುತ್ತಿತ್ತು.

ಲೂರ್ದಮ್ಮ ಗಂಜಾಮಿನವಳು. ಕನ್ಯಾಸ್ತ್ರೀಯರ ಹತ್ತಿರ ನಾಲ್ಕನೇ ಕ್ಲಾಸು ಓದಿ, ಹದಿನೇಳಕ್ಕೆ ಈ ಮನೆ ಸೇರಿದಳು. ಮಕ್ಕಳಾಗಲಿಲ್ಲ. ಪಕ್ಕದ ಬೀದಿಯ ಮೈದುನ ಚೌರಪ್ಪನ ಮಗಳು ಪಿಲೋಮಿನಾಳನ್ನೇ ಎತ್ತಿ ಆಡಿಸಿ, ತುತ್ತಿಟ್ಟು ಬೆಳೆಸಿದಳು. ಹುಡುಗಿಗೆ ಒಂಬತ್ತಾದಾಗ ಅಣ್ಣತಮ್ಮಂದಿರು ಕಬ್ಬಿನ ಗದ್ದೆಗೆ ನಾಲೆ ನೀರು ತಿರುಗಿಸುವ ಸರದಿಗಾಗಿ ಗುದ್ದಲಿ ಎತ್ತಿಕೊಂಡು ಜಗಳವಾಡಿದರು. ಅಂದಿನಿಂದ ಹನ್ನೊಂದು ವರ್ಷ ಮಾತಿಲ್ಲ, ಕತೆಯಿಲ್ಲ. ಆ ಮಗು ಈ ಹೊಸಿಲು ತುಳಿಯಲಿಲ್ಲ.

ತೊಂಬತ್ನಾಲ್ಕರ ಬೇಸಿಗೆಯಲ್ಲಿ ಪಿಲೋಮಿನಾಳ ಮದುವೆ ಗೊತ್ತಾಯಿತು. ಚೌರಪ್ಪ ತಾನೇ ಲಗ್ನಪತ್ರಿಕೆ ಹಿಡಿದು ಅಣ್ಣನ ಬಾಗಿಲಿಗೆ ಬಂದ. ಇನ್ನಾಸಪ್ಪ ಪಾಠದ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕೂತ. ಅದು ಕ್ಷಮೆಯ ಪಾಠ. ಕಣ್ಣಿನ ಪೊರೆ ತೆಗೆಸಿ ವಾರವಾಗಿರಲಿಲ್ಲ, ಒಂದಕ್ಷರ ಕಾಣುತ್ತಿರಲಿಲ್ಲ, ಆದರೂ ಮಹಾರಾಯ ಹಾಳೆ ತಿರುವಿದ! ಚೌರಪ್ಪ ಪತ್ರಿಕೆಯನ್ನು ಜಗಲಿಯ ಮೇಲಿಟ್ಟು ಹೋದ.

"ನಾನೊಬ್ಳಾದ್ರೂ ಮದ್ವೆಗೆ ಓಯ್ತೀನಿ," ಎಂದಳು ಲೂರ್ದಮ್ಮ.

"ಓಗು. ಓದೋಳು ಅಲ್ಲೇ ಇದ್ಬುಡು."

ಮಾರನೆಯ ದಿನ ಅದೇ ಬಾಯಲ್ಲಿ, "ಪಾಠ ಓದ್ ಏಳಮ್ಮಿ, ಉತ್ರ ಬರ್ಕೊ," ಎಂದ. ಅವಳು ಓದಿದಳು, ಅವನು ಹೇಳಿದ ಹತ್ತೊಂಬತ್ತು ಉತ್ತರಗಳನ್ನು ಬರೆದಳು. ವಚನ, ಅಧ್ಯಾಯ, ಎಲ್ಲ ನಾಲಿಗೆಯ ತುದಿಯಲ್ಲಿ. ಇಪ್ಪತ್ತನೆಯ ಪ್ರಶ್ನೆ, ಈ ಪಾಠದಿಂದ ಏನು ಕಲಿತಿರಿ, ಅದನ್ನು ಹೇಗೆ ನಡೆಸಿದಿರಿ ಎಂದಿತ್ತು. ಇನ್ನಾಸಪ್ಪ ಕಣ್ಣು ಮುಚ್ಚಿಕೊಂಡು ಪ್ರೀತಿ, ದೀನತೆ ಅಂತ ಉದ್ದಕ್ಕೆ ಹೇಳುತ್ತಾ ಹೋದ. ಲೂರ್ದಮ್ಮನಿಗೆ ಮೈ ಉರಿದುಹೋಯಿತು. ತನಗೆ ತೋಚಿದ್ದನ್ನು ಬರೆದು, ಅಂಟು ಹಚ್ಚಿ, ತಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದಳು.

ಮದುವೆಗೆ ನಾಲ್ಕು ದಿನವಿದೆ ಎನ್ನುವಾಗ ಉತ್ತರದ ಹಾಳೆ ತಿದ್ದಿಸಿಕೊಂಡು ವಾಪಸು ಬಂತು. ಪಕ್ಕದ ಮನೆಯ ಕೆಂಪಣ್ಣ ಜಗಲಿಯಲ್ಲಿದ್ದ, ಅವನೇ ಲಕೋಟೆ ಒಡೆದ.

"ನೂರಕ್ಕೆ ನೂರು ಕಣ್ಲಾ ಇನ್ನಾಸಾ! ಇಪ್ಪತ್ತನೇ ಉತ್ರ ಬಾಳ ಚೆಂದಾಗದೆ ಅಂತ ಬರ್ದವ್ರೆ."

ಎಂಬತ್ತೆಂಟರ ಮೇಲೆ ನಂಬರು ಕಂಡೇ ಗೊತ್ತಿಲ್ಲದ ಇನ್ನಾಸಪ್ಪ ಎದೆ ಸೆಟೆದು ಕೂತ. "ಅದ್ನ ಓದಮ್ಮಿ, ಕೆಂಪಣ್ಣನೂ ಕೇಳ್ಲಿ."

"ಬ್ಯಾಡ ಬುಡಿ."

"ಓದು ಅಂದ್ರೆ ಓದ್ಬೇಕು."

ಅವಳಿಗೂ ರೇಗಿತು. ಓದಿದಳು.

"ನಾನು ಏನೂ ಕಲಿತಿಲ್ಲ. ಒಡಹುಟ್ಟಿದ ತಮ್ಮನ ಜತೆ ಹನ್ನೊಂದು ವರ್ಷದಿಂದ ಮಾತಾಡಿಲ್ಲ. ಅವನು ಮಗಳ ಮದುವೆಗೆ ಕರೆಯಲು ಬಂದಾಗ ಮುಖ ತೋರಿಸಲಿಲ್ಲ. ಆಗ ನನ್ನ ಕೈಯಲ್ಲಿ ಇದೇ ಪಾಠ ಇತ್ತು."

ಕೆಂಪಣ್ಣ ಟವೆಲ್ಲು ಕೊಡವಿಕೊಂಡು ಮೆಲ್ಲಗೆ ಎದ್ದುಹೋದ. ಇನ್ನಾಸಪ್ಪ ಕೂಗಾಡುತ್ತಾನೆಂದು ಲೂರ್ದಮ್ಮ ಸೊಂಟ ಕಟ್ಟಿ ನಿಂತಳು. ಅವಳ ಬಾಯಲ್ಲೂ ಹನ್ನೊಂದು ವರ್ಷದ ಮಾತಿತ್ತು. ಅವನು ಕೂಗಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದ.

"ನಾನು ಅವ್ನ ಮನೆಗೋದ್ರೆ ಚೌರ ಒಳೀಕೆ ಕರ್ದಾನಾ?"

ಎಲ್ಲ ಬಲ್ಲವನಿಗೆ ಇದೊಂದು ಗೊತ್ತಿರಲಿಲ್ಲ. ಲೂರ್ದಮ್ಮನಿಗೆ ಅಳು ಬಂತು, ಸಿಟ್ಟೂ ಬಂತು.

"ನಂಗೇನ್ ಗೊತ್ತು? ಓಗಿ ತಿಳ್ಕಳಿ," ಎಂದು ಅವನ ಚಪ್ಪಲಿ ತಂದು ಮುಂದೆ ಇಟ್ಟಳು.